ಸ್ಟೀಲಿನ ಬೆಸುಗೆಯೂ ಬೆಸುಗೆಗಾರನ ಉಸಿರೂ

ಉಜಿರೆಯಿಂದ ಚಾರ್ಮಾಡಿ ಘಾಟಿಯ ಕಡೆಗೆ ಹೋಗುವ ಹೆದ್ದಾರಿಯ ಮೇಲೆ ಕಕ್ಕಿಂಜೆ ಎಂಬ ಪುಟ್ಟ ಪೇಟೆ ಇದೆ. ಬೆಳ್ತಂಗಡಿ ತಾಲೂಕಿನ ಉಳಿದ ಪೇಟೆಗಳಲ್ಲಿ ಆದಂತೆ ಇಲ್ಲಿಯೂ ಮನೆಗಳ ರೂಪ ಕಳೆದ ಎರಡು ಮೂರು ದಶಕಗಳಲ್ಲಿ ಬಹಳವಾಗಿ ಮಾರ್ಪಟ್ಟಿದೆ. ಮರದ ದಳಿಗಳು ಹೋಗಿ ಕಬ್ಬಿಣದ ಸರಳುಗಳು ಬಂದುವು. ಈಗ ಮೆಟ್ಟಿಲ ಬದಿಗೆ ಥಳಥಳಿಸುವ ಸ್ಟೀಲಿನ ರೈಲಿಂಗು, ಅಂಗಳದ ತುದಿಗೆ ಸ್ಟೀಲಿನ ಗೇಟು, ಅಡಿಕೆ ಒಣಗಿಸುವ ಅಂಗಳದ ಮೇಲೆ ಜಿ.ಐ. ಪೈಪಿನ ಚಪ್ಪರ. ಇವುಗಳನ್ನು ದೂರದ ಯಾವ ಕಾರ್ಖಾನೆಯವರೂ ಮಾಡಿ ಕಳುಹಿಸುವುದಿಲ್ಲ. ರಸ್ತೆಯ ಬದಿಯಲ್ಲಿ, ತಗಡಿನ ಮಾಡಿನ ಕೆಳಗೆ, ಇಬ್ಬರೋ ಮೂವರೋ ಸೇರಿ ನಡೆಸುವ ವೆಲ್ಡಿಂಗ್ ಅಂಗಡಿಗಳಲ್ಲಿಯೇ ಇವು ತಯಾರಾಗುತ್ತವೆ. ಅಂಥ ಅಂಗಡಿಯ ಮುಂದೆ ನಡೆದುಹೋಗುವ ಶಾಲೆಯ ಮಕ್ಕಳಿಗೂ ಒಂದು ನಿಯಮ ಗೊತ್ತು: ಆ ನೀಲಿ ಬೆಳಕನ್ನು ನೋಡಬಾರದು.

ಈ ನಿಯಮವನ್ನು ಯಾವ ಪಠ್ಯಪುಸ್ತಕವೂ ಕಲಿಸಬೇಕಾಗಿಲ್ಲ. ಬರಿಗಣ್ಣಿನಿಂದ ನೋಡಿದವನಿಗೆ ಅದೇ ರಾತ್ರಿ ಕಣ್ಣಿಗೆ ಮರಳು ಹೊಯ್ದಂತಾಗಿ ನಿದ್ದೆ ಬಾರದು. ವಿದ್ಯುಚ್ಚಾಪದ ನೀಲಲೋಹಿತಾತೀತ ಕಿರಣಗಳು ಕಣ್ಣಿನ ಪಾರದರ್ಶಕ ಪೊರೆಯನ್ನು ಸುಡುವುದರಿಂದ ಹೀಗಾಗುತ್ತದೆ. ಶಿಕ್ಷೆ ಕೂಡಲೇ ದೊರೆಯುವುದಾದ್ದರಿಂದ ಎಲ್ಲರೂ ಎಚ್ಚರಿಕೆಯಿಂದಿದ್ದಾರೆ. ಆದರೆ ಅದೇ ಬೆಳಕಿನ ಮೇಲೆ ತೆಳ್ಳಗೆ ಎದ್ದು ಬೆಸುಗೆಗಾರನ ಮುಖವನ್ನು ಸವರಿ ಹೋಗುವ ಹೊಗೆಯೂ ಒಂದುಂಟಷ್ಟೆ. ಅದು ಕೊಡುವ ಶಿಕ್ಷೆ ಇಪ್ಪತ್ತು ಮೂವತ್ತು ವರ್ಷಗಳ ಮೇಲಿನದು. ಆದುದರಿಂದ ಕಣ್ಣಿಗೆ ಕಪ್ಪು ಗಾಜಿದೆ, ಮೂಗಿಗೆ ಏನೂ ಇಲ್ಲ. ಸ್ಟೀಲನ್ನು ಬೆಸೆಯುವಾಗ ಈ ಅಲಕ್ಷ್ಯವು ಸಾಮಾನ್ಯ ಕಬ್ಬಿಣವನ್ನು ಬೆಸೆಯುವಾಗಿನದಕ್ಕಿಂತ ಹೆಚ್ಚು ಅಪಾಯಕರವೆಂಬುದನ್ನೂ, ಅದನ್ನು ತಪ್ಪಿಸುವ ವೆಚ್ಚವನ್ನು ಬೆಸುಗೆಗಾರನೊಬ್ಬನ ಮೇಲೆಯೇ ಹೊರಿಸುವುದು ನ್ಯಾಯವಲ್ಲವೆಂಬುದನ್ನೂ ಇಲ್ಲಿ ಹೇಳಬಯಸುತ್ತೇವೆ.

ಮೊದಲು ಲೋಹದ ವಿಚಾರ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಎಂಬಾತ ಬಂದೂಕಿನ ನಳಿಗೆಗೆ ತಕ್ಕ ಉಕ್ಕನ್ನು ಹುಡುಕುತ್ತಿದ್ದಾಗ, ಕ್ರೋಮಿಯಂ ಬೆರೆಸಿದ ಉಕ್ಕಿಗೆ ತುಕ್ಕು ಹಿಡಿಯದೆ ಇದ್ದುದನ್ನು ಕಂಡನು. ಉಕ್ಕಿನಲ್ಲಿ ನೂರಕ್ಕೆ ಹತ್ತೂವರೆ ಪಾಲಾದರೂ ಕ್ರೋಮಿಯಂ ಇದ್ದರೆ ಅದರ ಮೈಮೇಲೆ ಕ್ರೋಮಿಯಂ ಆಕ್ಸೈಡಿನ ಪೊರೆಯೊಂದು ತಾನಾಗಿಯೇ ಹರಡಿಕೊಳ್ಳುತ್ತದೆ. ಅದರ ದಪ್ಪ ಮಿಲಿಮೀಟರಿನ ಹತ್ತು ಲಕ್ಷ ಪಾಲುಗಳಲ್ಲಿ ಕೆಲವೇ ಪಾಲು. ಆದರೂ ಗಾಳಿ ನೀರುಗಳನ್ನು ಒಳಗೆ ಬಿಡದಿರಲು ಅದು ಸಾಕು. ಗೀರು ಬಿದ್ದರೆ ಮತ್ತೆ ಬೆಳೆಯುತ್ತದೆ. ನಮ್ಮ ಅಡಿಗೆಮನೆಯ ಒಳ್ಳೆಯ ಪಾತ್ರೆಗಳ 304 ಎಂಬ ಜಾತಿಯ ಸ್ಟೀಲಿನಲ್ಲಿ ನೂರಕ್ಕೆ 18ರಿಂದ 20 ಪಾಲು ಕ್ರೋಮಿಯಂ, 8ರಿಂದ 10 ಪಾಲು ನಿಕ್ಕಲ್ ಇರುತ್ತವೆ. ನಿಕ್ಕಲ್ ದುಬಾರಿಯಾದ್ದರಿಂದ ಅದರ ಬಹುಪಾಲಿಗೆ ಬದಲಾಗಿ ಮ್ಯಾಂಗನೀಸನ್ನು ಬೆರೆಸಿದ 200ರ ಸಾಲಿನ ಸ್ಟೀಲುಗಳೂ ಉಂಟು. ನಮ್ಮ ದೇಶದಲ್ಲಿ ರೈಲಿಂಗು ಪೈಪುಗಳಿಗೆ ಇವುಗಳ ಬಳಕೆ ಬಹಳ.

ಕ್ರೋಮಿಯಂ ನಮ್ಮ ನಾಡಿಗೆ ಹೊಸಬನಲ್ಲ. ಹಾಸನ ಜಿಲ್ಲೆಯ ಭೈರಾಪುರದ ಗಣಿ ಅದರ ಅದಿರಾದ ಕ್ರೋಮೈಟಿಗೆ ಹೆಸರಾದುದು. ಅದಿರಿನಲ್ಲಿ ಈ ಧಾತು ಮೂರು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಸ್ಥಿತಿಯಲ್ಲಿರುತ್ತದೆ. ಉಕ್ಕಿನಲ್ಲಿ ಬೆರೆತಾಗ ಏನನ್ನೂ ಕಳೆದುಕೊಳ್ಳದ ಲೋಹವಾಗಿರುತ್ತದೆ. ಈ ಎರಡು ಸ್ಥಿತಿಗಳಲ್ಲಿಯೂ ಅದಕ್ಕೆ ಹೆದರಬೇಕಾದ ಕಾರಣ ಬಹಳವಿಲ್ಲ. ಸ್ಟೀಲ್ ಲೋಟದಲ್ಲಿ ಕಾಫಿ ಕುಡಿಯುವವರು ಈ ಲೇಖನವನ್ನು ಓದಿ ಲೋಟವನ್ನು ಕೆಳಗಿಡಬೇಕಾಗಿಲ್ಲ! ಹೆದರಬೇಕಾದುದು ಆರು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಕ್ರೋಮಿಯಮ್ಮಿಗೆ, ಅಂದರೆ ಕ್ರೋಮೇಟುಗಳಿಗೆ. ಬೆಸುಗೆಯ ಚಾಪವು ನಿರಪಾಯವಾದ ಲೋಹವನ್ನು ಈ ಸ್ಥಿತಿಗೆ ತರಬಲ್ಲುದು ಎಂಬುದೇ ಇಡಿಯ ಸಮಸ್ಯೆಯ ಬೇರು.

ಹೇಗೆ? ಭೌತವಿಜ್ಞಾನದ ವಿದ್ಯಾರ್ಥಿಗಳು ಇದನ್ನು ತಾವೇ ಊಹಿಸಬಹುದು. ತೆಳುವಾದ ಸ್ಟೀಲಿನ ಬೆಸುಗೆಗೆ ಸುಮಾರು 80 ಆಂಪಿಯರ್ ಪ್ರವಾಹ ಬೇಕು. ಚಾಪದ ಎರಡು ತುದಿಗಳ ನಡುವೆ ಸುಮಾರು 25 ವೋಲ್ಟ್ ಇರುತ್ತದೆ. ಗುಣಿಸಿದರೆ 2000 ವಾಟ್. ಸ್ನಾನದ ಮನೆಯ ಗೀಸರು ಒಂದು ಕೊಳಗ ನೀರಿಗೆ ಕೊಡುವಷ್ಟೇ ಶಕ್ತಿ ಇಲ್ಲಿ ಒಂದು ಕಡಲೆಕಾಳಿನಷ್ಟು ಜಾಗದ ಮೇಲೆ ಸುರಿಯುತ್ತದೆ. ಚಾಪದ ಉಷ್ಣತೆ ಹಲವು ಸಾವಿರ ಡಿಗ್ರಿ. ಮ್ಯಾಂಗನೀಸು ಸುಮಾರು 2060 ಡಿಗ್ರಿ ಸೆಂಟಿಗ್ರೇಡಿನಲ್ಲಿ, ಕ್ರೋಮಿಯಂ ಸುಮಾರು 2670 ಡಿಗ್ರಿಯಲ್ಲಿ, ಕಬ್ಬಿಣ ಅದಕ್ಕಿಂತ ಸ್ವಲ್ಪ ಮೇಲೆ ಕುದಿಯುತ್ತವೆ. ರಾಡಿನ ತುದಿಯಲ್ಲಿ ಲೋಹ ಬರಿಯ ದ್ರವವಾಗುವುದಷ್ಟೇ ಅಲ್ಲ, ಅದರ ಒಂದಂಶ ಕುದಿದು ಆವಿಯೂ ಆಗುತ್ತದೆ. ಆ ಆವಿ ಚಾಪದಿಂದ ಒಂದೆರಡು ಅಂಗುಲ ಮೇಲೇರುವಷ್ಟರಲ್ಲಿ ತಣಿದು, ಗಾಳಿಯ ಆಮ್ಲಜನಕದೊಡನೆ ಸೇರಿ, ಅತಿ ಸೂಕ್ಷ್ಮವಾದ ಆಕ್ಸೈಡ್ ಕಣಗಳಾಗಿ ಗಟ್ಟಿಯಾಗುತ್ತದೆ. ನಾವು ಹೊಗೆಯೆಂದು ಕರೆಯುವುದು ಇದನ್ನೇ. ಸೌದೆಯ ಹೊಗೆಗೂ ಇದಕ್ಕೂ ಹೆಸರಿನ ಹೊರತು ಬೇರೆ ನಂಟಿಲ್ಲ. ಇದು ಕಣ್ಣಿಗೆ ಕಾಣದಷ್ಟು ನುಣ್ಣಗಾದ ಲೋಹದ ಧೂಳು.

ಧೂಳೆಂದರೆ ಕೆಳಗೆ ಕೂರಬೇಕಲ್ಲವೇ? ಈ ಧೂಳು ಕೂರುವುದಿಲ್ಲ. ಇದರ ಬಿಡಿ ಕಣಗಳ ವ್ಯಾಸ ಮೈಕ್ರಾನಿನ ನೂರರ ಒಂದಂಶದಿಂದ ಹತ್ತರ ಒಂದಂಶದವರೆಗೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂಬುದನ್ನು ನೆನೆದರೆ ಇದರ ಸೂಕ್ಷ್ಮತೆ ತಿಳಿದೀತು. ಗಾಳಿಯ ಸ್ನಿಗ್ಧತೆಯನ್ನು ಗಣಿಸಿ ಸ್ಟೋಕ್ಸನ ಸೂತ್ರದಂತೆ ಲೆಕ್ಕಹಾಕಿದರೆ, ಮೈಕ್ರಾನಿನ ಹತ್ತರ ಒಂದಂಶದಷ್ಟಿರುವ ಲೋಹದ ಆಕ್ಸೈಡಿನ ಕಣ ನಿಶ್ಚಲವಾದ ಗಾಳಿಯಲ್ಲಿ ಗಂಟೆಗೆ ಒಂದೆರಡು ಸೆಂಟಿಮೀಟರ್ ಇಳಿದರೆ ಹೆಚ್ಚು. ಮುಚ್ಚಿದ ಅಂಗಡಿಯಲ್ಲಿ ಬೆಳಗ್ಗೆ ಹುಟ್ಟಿದ ಹೊಗೆ ಸಂಜೆಗೂ ಅಲ್ಲಿಯೇ ತೇಲುತ್ತಿರುತ್ತದೆ. ದಪ್ಪನಾದ ಧೂಳನ್ನು ಮೂಗಿನ ರೋಮಗಳೂ ಗಂಟಲಿನ ಲೋಳೆಯೂ ತಡೆಯುತ್ತವೆ. ಇಷ್ಟು ಸಣ್ಣ ಕಣಗಳಾದರೋ ಅವುಗಳನ್ನು ದಾಟಿ ಶ್ವಾಸಕೋಶದ ಕೊನೆಯ ಗಾಳಿಗೂಡುಗಳನ್ನು ಸೇರುತ್ತವೆ.

ರಾಡಿನ ಮೇಲ್ಲೇಪವೂ ಇಲ್ಲಿ ತನ್ನ ಪಾತ್ರವನ್ನು ವಹಿಸುತ್ತದೆ. ಆ ಲೇಪವನ್ನು ಕಚ್ಚಿಸಲು ಪೊಟ್ಯಾಸಿಯಂ ಮತ್ತು ಸೋಡಿಯಂ ಸಿಲಿಕೇಟುಗಳನ್ನು ಬಳಸುತ್ತಾರೆ. ಈ ಕ್ಷಾರಧಾತುಗಳು ಆರು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಕ್ರೋಮಿಯಮ್ಮಿಗೆ ಆಶ್ರಯ ಕೊಟ್ಟು, ನೀರಿನಲ್ಲಿ ಕರಗುವ ಕ್ರೋಮೇಟುಗಳಾಗಿ ಅದನ್ನು ಉಳಿಸುತ್ತವೆ. ಮುಂದಿನದು ಒಂದು ವಂಚನೆಯ ಕಥೆ. ಕ್ರೋಮೇಟ್ ಅಯಾನಿನ ಆಕಾರ ದೇಹಕ್ಕೆ ದಿನನಿತ್ಯ ಬೇಕಾದ ಸಲ್ಫೇಟ್ ಅಯಾನಿನ ಆಕಾರವನ್ನೇ ಹೋಲುತ್ತದೆ. ಸಲ್ಫೇಟಿಗಾಗಿ ಜೀವಕೋಶ ತೆರೆದಿಟ್ಟಿರುವ ಬಾಗಿಲಿನಲ್ಲಿಯೇ ಕ್ರೋಮೇಟ್ ಒಳಹೊಗುತ್ತದೆ. ಒಳಗೆ ಅದು ಎಲೆಕ್ಟ್ರಾನುಗಳನ್ನು ಮರಳಿ ಪಡೆಯುತ್ತ ಮೂರರ ಸ್ಥಿತಿಗೆ ಇಳಿಯುತ್ತದೆ. ಆ ಗದ್ದಲದಲ್ಲಿ ಡಿ.ಎನ್.ಎ.ಗೆ ಅಂಟಿಕೊಂಡು ಅದನ್ನು ಕೆಡಿಸುತ್ತದೆ.

ಇನ್ನು ಒಂದು ಲೆಕ್ಕ ಮಾಡೋಣ. ಪೆನ್ಸಿಲು ಕಾಗದ ಸಾಕು. ಎರಡೂವರೆ ಮಿಲಿಮೀಟರ್ ದಪ್ಪದ ಒಂದು ಸ್ಟೀಲ್ ರಾಡಿನ ತೂಕ ಸುಮಾರು 20 ಗ್ರಾಂ. ಎಷ್ಟು ಪಾಲು ಹೊಗೆಯಾಗುತ್ತದೆಂಬುದು ರಾಡಿನ ಜಾತಿಯನ್ನೂ ಪ್ರವಾಹವನ್ನೂ ಅವಲಂಬಿಸಿದೆ. ಮಿತವಾಗಿ, ಇನ್ನೂರರಲ್ಲಿ ಒಂದು ಪಾಲು ಎನ್ನೋಣ. ಆಗ ಹೊಗೆ 100 ಮಿಲಿಗ್ರಾಂ. ಅದರಲ್ಲಿ ನೂರಕ್ಕೆ ಮೂರು ಪಾಲು ಅಪಾಯಕಾರಿಯಾದ ಕ್ರೋಮಿಯಂ ಎಂದಿಟ್ಟುಕೊಂಡರೆ 3 ಮಿಲಿಗ್ರಾಂ, ಅಂದರೆ 3000 ಮೈಕ್ರೋಗ್ರಾಂ. ಅಂಗಡಿಯ ಉದ್ದ 5 ಮೀಟರ್, ಅಗಲ 4, ಎತ್ತರ 3 ಆಗಿದ್ದರೆ ಅದರ ಗಾತ್ರ 60 ಘನಮೀಟರ್. ಒಂದೇ ಒಂದು ರಾಡಿನ ಹೊಗೆ ಅಲ್ಲಿ ಸಮವಾಗಿ ಹರಡಿದರೆ ಪ್ರತಿ ಘನಮೀಟರ್ ಗಾಳಿಯಲ್ಲಿ 50 ಮೈಕ್ರೋಗ್ರಾಂ ಆಯಿತು. ಎಂಟು ಗಂಟೆಗಳ ಸರಾಸರಿಯಲ್ಲಿ 5 ಮೈಕ್ರೋಗ್ರಾಮನ್ನು ಮೀರಬಾರದೆಂದು ಅಮೆರಿಕದ ಸರಕಾರ 2006ರಲ್ಲಿ ವಿಧಿಸಿತು. ನಮ್ಮ ಫ್ಯಾಕ್ಟರಿ ಶಾಸನಕ್ಕೆ 1987ರ ತಿದ್ದುಪಡಿಯಲ್ಲಿ ಸೇರಿದ ಅನುಸೂಚಿಯು ಕರಗುವ ಕ್ರೋಮೇಟುಗಳಿಗೆ ಇಟ್ಟ ಮಿತಿ 50 ಮೈಕ್ರೋಗ್ರಾಂ. ಅಮೆರಿಕದ್ದಕ್ಕೆ ಹತ್ತು ಪಟ್ಟು ಸಡಿಲವಾದ ಈ ಮಿತಿಯನ್ನೂ ಒಂದು ರಾಡು ಮುಟ್ಟುತ್ತದೆ. ದಿನಕ್ಕೆ ಎಷ್ಟು ರಾಡುಗಳು ಉರಿಯುತ್ತವೆಂಬುದನ್ನು ವಾಚಕರು ಯಾವುದಾದರೂ ಅಂಗಡಿಯಲ್ಲಿ ಕೇಳಿ ನೋಡಬಹುದು. ಅಂಗಡಿಯ ಎದುರು ತೆರೆದಿರುತ್ತದೆ, ಹೊಗೆ ಹೊರಗೆ ಹೋಗುತ್ತದೆ ಎಂದು ಆಕ್ಷೇಪಿಸಬಹುದು. ನಿಜವೇ. ಆದರೆ ಬೆಸುಗೆಗಾರನ ಮೂಗು ಇರುವುದು ಅಂಗಡಿಯ ಸರಾಸರಿ ಗಾಳಿಯಲ್ಲಿ ಅಲ್ಲ, ಹೊಗೆಯ ಕಂಬದ ನಟ್ಟನಡುವೆ. ಮತ್ತು ನಮ್ಮ ಸೀಮೆಯ ಮಳೆಗಾಲವನ್ನು ಮರೆಯಬಾರದು. ಜೂನಿನಿಂದ ನಾಲ್ಕು ತಿಂಗಳು ಎರಚಲಿಗೆ ಹೆದರಿ ಎದುರಿನ ಟರ್ಪಾಲನ್ನು ಇಳಿಯಬಿಟ್ಟೇ ಕೆಲಸ ಮಾಡಬೇಕಾಗುತ್ತದೆ. ಒದ್ದೆ ನೆಲದಲ್ಲಿ ವಿದ್ಯುತ್ತಿನ ಭಯ ಬೇರೆ.

ಈ ವಿಷಯದಲ್ಲಿ ವಿಜ್ಞಾನದ ತೀರ್ಪು ಒಂದೇ ದಿನದಲ್ಲಿ ಬಂದುದಲ್ಲ. ಫ್ರಾನ್ಸಿನ ಲಿಯೋನ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು 1990ರಲ್ಲಿ ಆರರ ಸ್ಥಿತಿಯ ಕ್ರೋಮಿಯಮ್ಮನ್ನೂ ನಿಕ್ಕಲಿನ ಸಂಯುಕ್ತಗಳನ್ನೂ ಮನುಷ್ಯನಿಗೆ ಕ್ಯಾನ್ಸರ್ ತರುವ ಒಂದನೆಯ ವರ್ಗಕ್ಕೆ ಸೇರಿಸಿತು. ಬೆಸುಗೆಯ ಹೊಗೆಯನ್ನಾದರೋ ಆಗ 'ತರಬಹುದು' ಎಂಬ ಕೆಳಗಿನ ವರ್ಗದಲ್ಲಿರಿಸಿತು. 2017ರಲ್ಲಿ ಸಾಕ್ಷ್ಯಗಳನ್ನು ಮತ್ತೆ ತೂಗಿ, ಎಲ್ಲ ಬಗೆಯ ಬೆಸುಗೆಯ ಹೊಗೆಯನ್ನೂ ಒಂದನೆಯ ವರ್ಗಕ್ಕೇರಿಸಿತು. 2019ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷಾ ಇಲಾಖೆಯವರು ಒಳಾಂಗಣದಲ್ಲಿ ಸಾಮಾನ್ಯ ಕಬ್ಬಿಣವನ್ನು ಬೆಸೆಯುವಲ್ಲಿಯೂ ಹೊಗೆಯನ್ನು ಹೀರಿ ತೆಗೆಯುವ ಏರ್ಪಾಡು ಇರಲೇಬೇಕೆಂದು ಸಾರಿದರು. ಇಲ್ಲಿ ಒಂದು ತಪ್ಪು ತಿಳಿವಳಿಕೆಗೆ ಎಡೆಗೊಡಬಾರದು. ಒಂದನೆಯ ವರ್ಗವೆಂದರೆ ಸಾಕ್ಷ್ಯವು ದೃಢವಾಗಿದೆಯೆಂದು ಅರ್ಥವೇ ಹೊರತು, ಬೆಸೆಯುವವರಿಗೆಲ್ಲ ಕ್ಯಾನ್ಸರ್ ಬರುತ್ತದೆಂದು ಅರ್ಥವಲ್ಲ. ಬೆಸುಗೆಗಾರರಲ್ಲಿ ಹೆಚ್ಚಿನವರಿಗೆ ಅದು ಬಾರದು. ಬರುವ ಸಂಭವ ಉಳಿದವರಿಗಿಂತ ಹೆಚ್ಚು. ಬೀಡಿ ಸೇದುವವನಾದರೆ ಮತ್ತೂ ಹೆಚ್ಚು.

ಕ್ಯಾನ್ಸರೊಂದೇ ಭಯವೂ ಅಲ್ಲ. ಕ್ರೋಮಿಯಂ ನಿಕ್ಕಲುಗಳಿಂದ ಕೆಲವರಿಗೆ ದಮ್ಮು ಹತ್ತುತ್ತದೆ. ಲೋಹದ ಹೊಗೆಯನ್ನು ಸೇವಿಸುವವರಿಗೆ ನ್ಯುಮೋನಿಯ ಸುಲಭವಾಗಿ ತಗಲುತ್ತದೆ. 200ರ ಸಾಲಿನ ಸ್ಟೀಲಿನಲ್ಲಿರುವ ಮ್ಯಾಂಗನೀಸು ಬಹುಕಾಲ ಹೆಚ್ಚಾಗಿ ಉಸಿರಿನೊಡನೆ ಸೇರಿದರೆ ಮಿದುಳಿಗೆ ಹಾನಿ ಮಾಡಿ ಕೈನಡುಕ, ನಡಿಗೆಯ ತೊಡಕು ಮುಂತಾದುವನ್ನು ತರಬಲ್ಲುದು. ಅಗ್ಗದ ಸ್ಟೀಲನ್ನು ಕೊಳ್ಳುವವನು ಉಳಿಸಿದ ಹಣಕ್ಕೂ ಬೆಸೆಯುವವನ ನರಗಳಿಗೂ ಹೀಗೊಂದು ಸಂಬಂಧ ಉಂಟೆಂದು ಯಾರಿಗೆ ತೋರೀತು?

ಜಿ.ಐ. ಪೈಪನ್ನು ಬೆಸೆಯುವಾಗ ಅದರ ಮೇಲಿನ ಸತುವು 907 ಡಿಗ್ರಿಯಲ್ಲಿಯೇ ಕುದಿದು ಬಿಳಿಯ ಹೊಗೆಯಾಗುತ್ತದೆ. ಅದನ್ನು ಸೇವಿಸಿದವನಿಗೆ ಕೆಲವು ಗಂಟೆಗಳ ಮೇಲೆ ಬಾಯಲ್ಲಿ ಲೋಹದ ರುಚಿ, ಚಳಿ, ಜ್ವರ, ಮೈನೋವು. ಒಂದೆರಡು ದಿನಗಳಲ್ಲಿ ಎಲ್ಲವೂ ಮಾಯ. ಇದನ್ನು ಲೋಹಹೊಗೆಯ ಜ್ವರವೆನ್ನುತ್ತಾರೆ. ದಿನವೂ ಸೇವಿಸುವವನಿಗೆ ದೇಹ ಒಗ್ಗಿಹೋಗಿ ಜ್ವರ ಬಾರದು. ರಜೆ ಕಳೆದು ಮರಳಿದ ಮೊದಲ ದಿನ ಮತ್ತೆ ಬರುತ್ತದೆ. ನಮ್ಮ ಅಭಿಪ್ರಾಯದಲ್ಲಿ ಈ ಜ್ವರ ಮಾಡುವ ದೊಡ್ಡ ಕೇಡೆಂದರೆ ಅದು ಬೇಗನೆ ಹೋಗಿಬಿಡುವುದು. ಹೊಗೆಯಿಂದ ಆಗುವುದೆಲ್ಲ ಹೀಗೆಯೇ ಬಂದು ಹೋಗುವಂಥದೆಂಬ ನಂಬಿಕೆ ಅದರಿಂದ ಬೆಳೆಯುತ್ತದೆ. ಇದರೊಡನೆ ಹಾಲು, ಬೆಲ್ಲ, ಬಾಳೆಹಣ್ಣುಗಳ ವೈದ್ಯವೂ ಸೇರಿಕೊಂಡಿದೆ. ಹಾಲು ಒಳ್ಳೆಯ ಆಹಾರ, ಬೇಡವೆನ್ನುವವರು ಯಾರು? ಆದರೆ ಅದು ಹೋಗುವುದು ಅನ್ನನಾಳದಲ್ಲಿ, ಹೊಗೆ ಹೋಗಿರುವುದು ಶ್ವಾಸನಾಳದಲ್ಲಿ. ಒಂದು ಕೋಣೆಗೆ ಬಿದ್ದ ಕಸವನ್ನು ಇನ್ನೊಂದು ಕೋಣೆಗೆ ನೀರು ಹೊಯ್ದು ತೊಳೆಯಲಾಗದು.

'ನಮ್ಮ ತಂದೆಯವರು ಮೂವತ್ತು ವರ್ಷ ಇದೇ ಕೆಲಸ ಮಾಡಿದರು, ಏನೂ ಆಗಲಿಲ್ಲ' ಎಂಬ ಮಾತೂ ಕೇಳಿಬರುತ್ತದೆ. ಮೂವತ್ತು ವರ್ಷ ಅಂಗಡಿಯಲ್ಲಿ ಉಳಿದವರನ್ನು ನಾವು ಕಾಣುತ್ತೇವೆ. ದಮ್ಮು ಹತ್ತಿ ಐದನೆಯ ವರ್ಷಕ್ಕೇ ಕೆಲಸ ಬಿಟ್ಟು ತೋಟಕ್ಕೋ ಬೇರೆ ವ್ಯಾಪಾರಕ್ಕೋ ಹೋದವರು ಅಂಗಡಿಯಲ್ಲಿ ಕಾಣಸಿಗುವುದಿಲ್ಲ. ಕಾರ್ಮಿಕರ ಆರೋಗ್ಯವನ್ನು ಅಭ್ಯಸಿಸುವವರು ಈ ಭ್ರಮೆಯ ಬಗೆಗೆ ಬಹುಕಾಲದಿಂದ ಎಚ್ಚರಿಸುತ್ತ ಬಂದಿದ್ದಾರೆ.

ಕಾನೂನು ನೋಡಿಕೊಳ್ಳುವುದಿಲ್ಲವೇ? ಪಣಂಬೂರು ಬೈಕಂಪಾಡಿಗಳ ಕಡೆಯ ದೊಡ್ಡ ಕಾರ್ಖಾನೆಗೆ ಕಾನೂನಿನ ಕೈ ನಿಲುಕುತ್ತದೆ. ಆದರೆ 1948ರ ಫ್ಯಾಕ್ಟರಿ ಶಾಸನವು ವಿದ್ಯುಚ್ಛಕ್ತಿಯನ್ನು ಬಳಸುವ ಕಡೆ ಹತ್ತು ಮಂದಿ ಕೆಲಸಗಾರರಿದ್ದರೆ ಮಾತ್ರ ಅದನ್ನು ಫ್ಯಾಕ್ಟರಿಯೆಂದು ಎಣಿಸಿತು. 2020ರಲ್ಲಿ ಸಂಸತ್ತು ಅಂಗೀಕರಿಸಿದ ಸಂಹಿತೆಯು ಈ ಸಂಖ್ಯೆಯನ್ನು ಇಪ್ಪತ್ತಕ್ಕೇರಿಸಿತು. ಇಬ್ಬರ ಅಂಗಡಿ ಎರಡು ಲೆಕ್ಕಗಳಿಗೂ ಹೊರಗೆ. ಅದರ ಗಾಳಿಯನ್ನು ಅಳೆಯಲು ಯಾವ ಅಧಿಕಾರಿಯೂ ಬರುವುದಿಲ್ಲ. ಅಲ್ಲಿಯ ಕೆಲಸಗಾರನಿಗೆ ಇ.ಎಸ್.ಐ. ಆಸ್ಪತ್ರೆಯ ಚೀಟಿಯೂ ಇರುವುದಿಲ್ಲ.

ಪರಿಹಾರಗಳು ದುಸ್ಸಾಧ್ಯವಾದುವಲ್ಲ. ಅವುಗಳಲ್ಲಿ ಮೊದಲನೆಯದಕ್ಕೆ ಕಾಸೂ ಬೇಕಾಗಿಲ್ಲ. ಬಿಸಿಯಾದ ಹೊಗೆ ನೇರವಾಗಿ ಮೇಲೇರುತ್ತದೆ. ಕೆಲಸದ ಮೇಲೆ ಬಗ್ಗಿ ಕುಳಿತವನ ಮುಖ ಅದರ ದಾರಿಯಲ್ಲಿಯೇ ಇರುತ್ತದೆ. ಕೆಲಸವನ್ನು ಮೇಜಿನ ಮೇಲಿಟ್ಟು, ಗಾಳಿ ಒಂದು ಮಗ್ಗುಲಿನಿಂದ ಬಂದು ಇನ್ನೊಂದು ಮಗ್ಗುಲಿಗೆ ಹೋಗುವಂತೆ ನಿಂತರೆ ಬಹಳಷ್ಟು ಹೊಗೆ ಮೂಗಿಗೆ ತಪ್ಪುತ್ತದೆ. ಗಾಳಿಯನ್ನು ಹೀರುವ ಫ್ಯಾನನ್ನು ಗೋಡೆಯ ಮೇಲ್ತುದಿಯಲ್ಲಿ ಕೂರಿಸಿ ತೃಪ್ತಿಪಡುವವರು ಒಂದು ಪ್ರಯೋಗವನ್ನು ಮಾಡಿ ನೋಡಬೇಕು. ಒಂದು ಅಡಿ ದೂರದ ಮೇಣದ ಬತ್ತಿಯನ್ನು ಊದಿ ಆರಿಸುವುದು ಸುಲಭ. ಅಷ್ಟೇ ದೂರದಿಂದ ಉಸಿರನ್ನು ಎಳೆದು ಆರಿಸಲು ಯಾರಿಂದಲೂ ಆಗದು. ಊದಿದ ಗಾಳಿ ಒಂದೇ ದಿಕ್ಕಿಗೆ ನುಗ್ಗುತ್ತದೆ. ಹೀರುವ ಬಾಯಿಗಾದರೋ ಗಾಳಿ ಎಲ್ಲ ದಿಕ್ಕುಗಳಿಂದಲೂ ಬರುತ್ತದೆ. ಕೊಳವೆಯ ವ್ಯಾಸದಷ್ಟು ದೂರ ಸರಿಯುವುದರೊಳಗೆ ಹೀರುವ ವೇಗ ಸುಮಾರು ಹತ್ತರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಆದುದರಿಂದ ಹೀರುವ ಕೊಳವೆಯ ಬಾಯಿ ಚಾಪದಿಂದ ಒಂದಡಿಯೊಳಗೆ ಇರಬೇಕು. ಒಂದು ಸಾಮಾನ್ಯ ಬ್ಲೋವರಿಗೆ ಮಡಚುವ ಕೊಳವೆಯನ್ನು ಜೋಡಿಸಿ, ಇನ್ನೊಂದು ತುದಿಯನ್ನು ಹೊರಗೆ ಬಿಟ್ಟರೂ ಬಹಳ ಉಪಕಾರವಾಗುತ್ತದೆ. ಕಾಲೇಜುಗಳ ಇಂಜಿನಿಯರಿಂಗ್ ವಿದ್ಯಾರ್ಥಿಗಳು ವರ್ಷದ ಕೊನೆಗೆ ಮಾಡುವ ಪ್ರಾಜೆಕ್ಟುಗಳಲ್ಲಿ ಇದಕ್ಕಿಂತ ನಿರುಪಯುಕ್ತವಾದುವು ಎಷ್ಟೋ ಇವೆ.

ಮೂಗಿಗೆ ಬೈರಾಸು ಕಟ್ಟಿಕೊಳ್ಳುವುದರಿಂದ ಪ್ರಯೋಜನವಿಲ್ಲ. ಬಟ್ಟೆಯ ಎಳೆಗಳ ನಡುವಿನ ಕಿಂಡಿ ಈ ಕಣಗಳಿಗೆ ರಾಜಬೀದಿಯಿದ್ದಂತೆ. ಎನ್-95 ಎಂಬ ಮುಖವಾಡವನ್ನು 2020ರ ಕೊರೋನದ ದಿನಗಳಲ್ಲಿ ಎಲ್ಲರೂ ಕಂಡಿದ್ದಾರೆ. ಅದರ ನಾರುಗಳಲ್ಲಿ ನೆಲಸಿರುವ ವಿದ್ಯುದಾವೇಶವು ಸೂಕ್ಷ್ಮ ಕಣಗಳನ್ನು ಸೆಳೆದು ಹಿಡಿಯುತ್ತದೆ. ಅಂಥ ಮುಖವಾಡವು ಕೆನ್ನೆಗೆ ಸರಿಯಾಗಿ ಅಂಟಿ ಕುಳಿತರೆ ಹೊಗೆಯ ಬಹುಪಾಲನ್ನು ತಡೆಯುತ್ತದೆ. ಆರ್ಗನ್ ವೆಲ್ಡಿಂಗಿನಲ್ಲಿ ಲೇಪದ ರಾಡಿಲ್ಲವಾದ್ದರಿಂದ ಹೊಗೆಯೇ ತೀರ ಕಡಮೆ. ಓಜೋನ್ ಅನಿಲ ಮಾತ್ರ ಸ್ವಲ್ಪ ಹುಟ್ಟುವುದರಿಂದ ಅಲ್ಲಿಯೂ ಗಾಳಿಯಾಡಬೇಕು. ಆದರೆ ಆರ್ಗನ್ ಸಿಲಿಂಡರಿಗೆ ಹಣ ಬೇಕು, ಕೈ ಪಳಗಬೇಕು, ಕೆಲಸ ನಿಧಾನ.

ತಿಳಿವಳಿಕೆ ಹೇಳಿದರೆ ಸಾಕೆಂದು ವಿದ್ಯಾವಂತರು ಸಾಮಾನ್ಯವಾಗಿ ಭಾವಿಸುತ್ತಾರೆ. ಪೂರ್ವ ನೇಪಾಳದ 300 ಬೆಸುಗೆಗಾರರನ್ನು ವಿಚಾರಿಸಿದ ಒಂದು ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಅವರಲ್ಲಿ ನೂರಕ್ಕೆ ತೊಂಬತ್ತು ಮಂದಿಗೆ ಕೆಲಸದ ಒಂದಾದರೂ ಅಪಾಯ ತಿಳಿದಿತ್ತು. ಯಾವುದಾದರೂ ಒಂದು ರಕ್ಷಣ ಸಾಧನವನ್ನು ಬಳಸುತ್ತಿದ್ದವರು ಮಾತ್ರ ಅರ್ಧಕ್ಕಿಂತ ಕಡಮೆ. ನಮ್ಮ ಕಡೆಯಲ್ಲಿ ಇದು ಬೇರೆಯಾಗಿದ್ದೀತೆಂದು ನಂಬಲು ಕಾರಣ ಕಾಣುವುದಿಲ್ಲ. ಗೇಟಿಗೆ ಅಡಿಯ ಲೆಕ್ಕದಲ್ಲಿ ಬೆಲೆ ಕಟ್ಟುವಾಗ ಪಕ್ಕದ ಅಂಗಡಿಯವನಿಗಿಂತ ಹತ್ತು ರೂಪಾಯಿ ಹೆಚ್ಚು ಹೇಳಿದರೆ ಗಿರಾಕಿ ಅತ್ತ ಹೋಗುತ್ತಾನೆ. ಆ ಹತ್ತು ರೂಪಾಯಿಯಲ್ಲಿಯೇ ಬ್ಲೋವರು, ಮುಖವಾಡ, ಆರ್ಗನ್ ಎಲ್ಲವೂ ಅಡಗಿವೆ. ಚೌಕಾಶಿ ಮಾಡುವವರು ನಾವು. ಬ್ರಹ್ಮಕಲಶಕ್ಕೆ ಇನ್ನು ಮೂರೇ ದಿನ, ಉರೂಸಿಗೆ ಇನ್ನು ನಾಲ್ಕೇ ದಿನ, ಗೃಹಪ್ರವೇಶಕ್ಕೆ ನಾಳೆಯೇ ಮುಹೂರ್ತವೆಂದು ರಾತ್ರಿಯಿಡೀ ಕೂರಿಸಿ ರೈಲಿಂಗನ್ನು ಮುಗಿಸಿಕೊಳ್ಳುವವರೂ ನಾವೇ.

ಆದುದರಿಂದ ಈ ಹೊಣೆ ಕೊಳ್ಳುವವರಿಂದ ಆರಂಭವಾಗಬೇಕೆಂಬುದು ನಮ್ಮ ದೃಢವಾದ ಮತ. ಒಬ್ಬೊಬ್ಬ ಗೃಹಸ್ಥನಿಂದ ಇದಾಗುವುದು ಕಷ್ಟ. ಆದರೆ ಕಾಲೇಜುಗಳು, ಪಂಚಾಯಿತಿಗಳು, ಸಹಕಾರ ಸಂಘಗಳು, ದೇವಸ್ಥಾನ ಮಸೀದಿ ಇಗರ್ಜಿಗಳ ಆಡಳಿತದವರು ದೊಡ್ಡ ಗಿರಾಕಿಗಳು. ಸ್ಟೀಲಿನ ಕೆಲಸಕ್ಕೆ ದರ ಕರೆಯುವಾಗ, ಹೊಗೆ ಹೀರುವ ಕೊಳವೆಯೂ ಕೆಲಸಗಾರರಿಗೆಲ್ಲ ಮುಖವಾಡವೂ ಇರಬೇಕು, ಅದರ ವೆಚ್ಚವನ್ನು ಬಿಲ್ಲಿನಲ್ಲಿ ಬೇರೆಯಾಗಿಯೇ ಬರೆಯಬಹುದು ಎಂದು ಅವರು ಒಂದು ಸಾಲು ಸೇರಿಸಲಿ. ಎಲ್ಲ ಅಂಗಡಿಗಳಿಗೂ ಅದೇ ಷರತ್ತಾದರೆ ಯಾರಿಗೂ ನಷ್ಟವಿಲ್ಲ.

ಕೊನೆಗೆ ಇನ್ನೊಬ್ಬನ ವಿಷಯ ಉಳಿದಿದೆ. ಬೆಸುಗೆಗಾರನ ಎದುರಿಗೆ ಪೈಪನ್ನು ಹಿಡಿದು ಕುಳಿತುಕೊಳ್ಳುವ ಸಹಾಯಕನಿಗೆ ಎಷ್ಟೋ ಕಡೆ ಕಪ್ಪು ಗಾಜೂ ಇರುವುದಿಲ್ಲ. ಅವನು ಕಣ್ಣು ಮುಚ್ಚಿಯೋ ಮುಖವನ್ನು ಅತ್ತ ತಿರುಗಿಸಿಯೋ ಕುಳಿತಿರುತ್ತಾನೆ. ಮುಖ ತಿರುಗಿಸಿದರೂ ಉಸಿರಾಡುವುದು ಅದೇ ಗಾಳಿಯನ್ನು. ಅವನಿಗೆ ಹದಿನೆಂಟೋ ಹತ್ತೊಂಬತ್ತೋ ವಯಸ್ಸು. ಎಸ್.ಎಸ್.ಎಲ್.ಸಿ.ಯವರೆಗೆ ನಿಮ್ಮಲ್ಲಿ ಕೆಲವರ ಪಕ್ಕದ ಬೆಂಚಿನಲ್ಲಿ ಕುಳಿತಿದ್ದವನು. ಕೆಲಸ ಕಲಿತು ಗಲ್ಫಿಗೆ ಹೋಗುವ ಆಸೆಯಲ್ಲಿರುವವನು. ಈ ಸಲ ರಜೆಯಲ್ಲಿ ಊರಿಗೆ ಹೋದಾಗ ಅರವತ್ತು ಘನಮೀಟರಿನ ಲೆಕ್ಕವನ್ನು ಅವನ ಮುಂದೆ ಮಾಡಿ ತೋರಿಸಿರಿ, ಮೇಣದ ಬತ್ತಿಯನ್ನೂ ಹಚ್ಚಿ ತೋರಿಸಿರಿ. ಜೊತೆಗೆ ಒಂದು ಪೆಟ್ಟಿಗೆ ಮುಖವಾಡಗಳನ್ನು ಒಯ್ದರೆ ಇನ್ನೂ ಒಳ್ಳೆಯದು.